ವಕೀಲರು ಯಾರ ಕಡೆಯವರು?

ಜಮೀನಿನ ದಾವೆಗೆಂದು ಮೊನ್ನೆ ಪುಣೆಯಿಂದ ಊರಿಗೆ ಹೋಗಿ ವಕಾಲತ್ತಿಗೆ ಸಹಿ ಹಾಕಿ ಬಂದೆ. ಹಾಳೆಯ ಅರ್ಧ ಖಾಲಿ ಇತ್ತು. ಏನು ಬರೀತೀರಿ ಅಂತ ಕೇಳಿದರೆ, ‘ಅದೆಲ್ಲಾ ನಾವು ತುಂಬ್ಕೋತೀವಿ, ನೀವು ಸಹಿ ಮಾಡ್ರಿ’ ಎಂಬ ಉತ್ತರ. ಮಾಡಿದೆ. ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಬಂತು.

‘ವಕೀಲ’ ಅರಬ್ಬಿ ಮಾತು, ಪಾರಸಿಯ ದಾರಿಯಾಗಿ ನಮ್ಮ ಕಚೇರಿಗಳಿಗೆ ಬಂದದ್ದು. ಇನ್ನೊಬ್ಬರು ನಂಬಿ ಕೆಲಸ ಒಪ್ಪಿಸಿದವನು ಎಂದು ಅರ್ಥ. ಪೇಶ್ವೆಗಳ ಕಾಲದಲ್ಲಿ ಒಂದು ದರಬಾರಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದ ರಾಯಭಾರಿಯೂ ವಕೀಲನೇ. ಕಳಿಸಿದ ದೊರೆಯನ್ನು ಕೇಳದೆ ಅವನು ತಾನೇ ರಾಜಿ ಮಾಡಿಕೊಂಡು ಬಂದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ. ಇಲ್ಲಿ ಮರಾಠಿಯಲ್ಲಿ ಕಕ್ಷಿದಾರನಿಗೆ ‘ಅಶೀಲ’ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ, ಕಿವಿಗೆ ಬೇರೇನೋ ಕೇಳಿಸಿತ್ತು. ಅದು ನಾವು ದಿನಾ ಆಡುವ ‘ಅಸಲು’ವಿನ ನೆಂಟ. ಅಂದರೆ ಮೊಕದ್ದಮೆಯಲ್ಲಿ ಅಸಲು ಮನುಷ್ಯ ನಾವು, ವಕೀಲರು ನಮ್ಮ ಬದಲಿಗೆ ನಿಂತವರು.

1961ರ ಅಡ್ವೊಕೇಟ್ಸ್ ಕಾಯ್ದೆ ವಕೀಲ, ಪ್ಲೀಡರ್ ಎಂಬ ಹಳೇ ಭೇದಗಳ ಜಾಗದಲ್ಲಿ ಎಲ್ಲರನ್ನೂ ‘ಅಡ್ವೊಕೇಟ್’ ಎಂಬ ಒಂದೇ ವರ್ಗಕ್ಕೆ ತಂದಿತು. ಕನ್ನಡದ ಬೋರ್ಡುಗಳಲ್ಲಿ ಅದು ‘ನ್ಯಾಯವಾದಿ’. ಪದವೇನೋ ಘನವಾಗಿದೆ, ಆದರೆ ಅದರಲ್ಲಿ ಕಕ್ಷಿದಾರನಿಗೆ ಜಾಗವೇ ಇಲ್ಲ. ನ್ಯಾಯದ ಪರ ವಾದಿಸುವವರನ್ನು ‘ನನ್ನ ಕೇಸು ಎಲ್ಲಿಗೆ ಬಂತು’ ಎಂದು ಕೇಳುವುದಾದರೂ ಹೇಗೆ?

ವಕೀಲರಿಗೆ ನ್ಯಾಯಾಲಯದ ಕಡೆಗೂ ಕರ್ತವ್ಯವಿದೆ, ಕಕ್ಷಿದಾರ ಹೇಳಿದ ಸುಳ್ಳನ್ನೆಲ್ಲ ಅವರು ಹೇಳಲಾಗದು ಅನ್ನುವಿರಿ. ಒಪ್ಪಿದೆ. ಆದರೆ ಖಾಲಿ ವಕಾಲತ್ತಿಗೂ ಆ ಕರ್ತವ್ಯಕ್ಕೂ ಏನು ಸಂಬಂಧ? ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊಟ್ಟ ಕಾರಣಗಳಲ್ಲೊಂದು, ವಕೀಲರ ಕೆಲಸದ ಮೇಲೆ ಕಕ್ಷಿದಾರನಿಗೆ ಸಾಕಷ್ಟು ನೇರ ಹತೋಟಿ ಇರುತ್ತದೆ ಎಂಬುದು. ಓದಿ ನಕ್ಕೆನೋ ಅತ್ತೆನೋ ತಿಳಿಯದು. ಐನೂರು ಕಿಲೋಮೀಟರ್ ದೂರದಲ್ಲಿ ಕೂತು, ಮುಂದಿನ ತಾರೀಖು ಯಾವುದೆಂದು ಗುಮಾಸ್ತನಿಗೆ ನಾಲ್ಕು ಸಲ ಫೋನು ಮಾಡುವವನ ಹತೋಟಿ!

ಗ್ರಾಹಕನೂ ಅಲ್ಲ, ಯಜಮಾನನೂ ಅಲ್ಲ ಎಂದಾದರೆ ನಾನು ಯಾರು? ಹಳೇ ಪದ ನನ್ನನ್ನು ಯಜಮಾನ ಅನ್ನುತ್ತದೆ, ನಾನು ಅದನ್ನೇ ಹಿಡಿಯುತ್ತೇನೆ. ಮುಂದಿನ ತಾರೀಖಿಗೆ ಹೋದಾಗ ಆ ವಕಾಲತ್ತಿನ ಜೆರಾಕ್ಸ್ ಕೇಳುವವನಿದ್ದೇನೆ. ಕೊಡದಿದ್ದರೆ ಕೋರ್ಟಿನಲ್ಲೇ ನಕಲಿಗೆ ಅರ್ಜಿ ಹಾಕುತ್ತೇನೆ.