ಗುಟ್ಟು ಬಿಟ್ಟುಕೊಟ್ಟು ಪಡೆಯುವ ಹಕ್ಕು



ಈ ತಿಂಗಳ ಮಾತನ್ನು ನಮ್ಮದೇ ಒಂದು ತಪ್ಪಿನಿಂದ ಆರಂಭಿಸಬೇಕಾಗಿದೆ. ಎರಡು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ಉತ್ತರ ಕರ್ನಾಟಕದ ಸಣ್ಣ ಊರೊಂದರ ತರುಣನ ಬಗೆಗೆ ನಾವು ಅಭಿಮಾನದಿಂದ ಬರೆದಿದ್ದೆವು. ಅವನ ತಾಯಿ ಜೋಳದ ಖಡಕ್ ರೊಟ್ಟಿ ಬಡಿದು, ಚೀಲದಲ್ಲಿ ತುಂಬಿ ಪೇಟೆಗೆ ಕಳಿಸುತ್ತಿದ್ದರು. ತುಂಬುವಾಗಲೇ ಅನೇಕ ರೊಟ್ಟಿಗಳು ಮುರಿಯುತ್ತಿದ್ದವು. ತಾಯಿಯ ಈ ನಷ್ಟವನ್ನು ನೋಡಲಾರದೆ ಮಗನು ಕಬ್ಬಿಣದ ಪಟ್ಟಿ, ಸ್ಪ್ರಿಂಗು, ಬಿಸಿ ತಂತಿಗಳನ್ನು ಕೂಡಿಸಿ, ಒಂದರ ಮೇಲೊಂದು ಜೋಡಿಸಿದ ರೊಟ್ಟಿಗಳನ್ನು ಮುರಿಯದಂತೆ ಚೀಲಕ್ಕೆ ಇಳಿಸಿ ಬಾಯಿ ಅಂಟಿಸುವ ಯಂತ್ರವೊಂದನ್ನು ಕಟ್ಟಿದ್ದನು. ನಾವು ಅವನ ಮನೆಗೆ ಹೋದೆವು. ಯಂತ್ರವನ್ನು ಕಣ್ಣಾರೆ ಕಂಡೆವು. ಅವನ ಒಪ್ಪಿಗೆ ಪಡೆದು ತಟ್ಟೆ ಹೇಗೆ ವಾಲುತ್ತದೆ, ಸ್ಪ್ರಿಂಗು ಎಲ್ಲಿ ಕುಳಿತಿದೆ ಎಂಬುದನ್ನೆಲ್ಲ ಚಿತ್ರಸಹಿತ ವಿವರಿಸಿದೆವು. ಅನೇಕ ಓದುಗರು ಮೆಚ್ಚಿ ಪತ್ರ ಬರೆದರು. ನಮಗೂ ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿತ್ತು.

ಕಳೆದ ತಿಂಗಳು ಆ ತರುಣನು ನಮ್ಮ ಕಚೇರಿಗೆ ಬಂದನು. ಯಂತ್ರಕ್ಕೆ ಪೇಟೆಂಟ್ ಪಡೆಯಬೇಕೆಂದು ಪೇಟೆಂಟ್ ಏಜೆಂಟರೊಬ್ಬರ ಬಳಿ ಹೋಗಿದ್ದನಂತೆ. ಅವರು ಕೇಳಿದ ಮೊದಲನೆಯ ಪ್ರಶ್ನೆ, ಇದರ ವಿವರ ಎಲ್ಲಿಯಾದರೂ ಪ್ರಕಟವಾಗಿದೆಯೇ ಎಂಬುದು. ಇವನು ಹೆಮ್ಮೆಯಿಂದ ನಮ್ಮ ಪತ್ರಿಕೆಯ ಪುಟವನ್ನೇ ಮುಂದಿಟ್ಟನು. ಅದನ್ನು ಓದಿದ ಅವರು, ಇನ್ನು ಈ ಯಂತ್ರವನ್ನು ಹೊಸದೆಂದು ಹೇಳಲು ಬರುವುದಿಲ್ಲ ಎಂದುಬಿಟ್ಟರು.

“ನೀವು ಪ್ರೀತಿಲೇ ಬರದ್ರಿ ಅಣ್ಣಾರ, ನಾನೂ ಹೂಂ ಅಂದಿದ್ದೆ. ಆದ್ರ ಅದ ಬರಹ ಈಗ ನನಗ ಅಡ್ಡ ಬಂತು ನೋಡ್ರಿ” ಎಂದು ಅವನು ನಗುತ್ತಲೇ ಹೇಳಿದನು. ಆ ನಗೆಯನ್ನು ನೋಡಿ ನಮಗೆ ತಲೆ ಎತ್ತಲಾಗಲಿಲ್ಲ. ನಮ್ಮ ಅರಿವುಗೇಡಿನಿಂದ ಒಬ್ಬನಿಗೆ ಆದ ಹಾನಿ ಇನ್ನೊಂದು ಮನೆಗೆ ಆಗಬಾರದೆಂದು ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ಇಲ್ಲಿ ನಿವೇದಿಸುತ್ತಿದ್ದೇವೆ.

ಪೇಟೆಂಟ್ ಎಂದರೆ ಗುಟ್ಟನ್ನು ಬಚ್ಚಿಡುವ ಹಕ್ಕು ಎಂದು ಬಹಳ ಜನರ ಭಾವನೆ. ನಿಜ ಇದಕ್ಕೆ ಪೂರ್ತಿ ವಿರುದ್ಧವಾಗಿದೆ. ಆ ಶಬ್ದವು ‘ತೆರೆದ ಪತ್ರ’ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದುದು. ಇಟಲಿಯ ವೆನಿಸ್ ನಗರರಾಜ್ಯವು 1474ರಲ್ಲಿಯೇ ಹೊಸ ಉಪಕರಣ ಕಟ್ಟಿದವರಿಗೆ 10 ವರ್ಷಗಳ ರಕ್ಷಣೆ ಕೊಡುವ ಶಾಸನ ಮಾಡಿತ್ತು. ಇಂದಿಗೂ ಅದರ ತಿರುಳು ಒಂದು ಕರಾರು. ಶೋಧಕನು ತನ್ನ ಉಪಾಯವನ್ನು ಬಲ್ಲವನೊಬ್ಬನು ಓದಿ ಮಾಡಬಹುದಾದಷ್ಟು ಸ್ಪಷ್ಟವಾಗಿ ಬರೆದು ಕೊಡಬೇಕು. ಅದಕ್ಕೆ ಪ್ರತಿಯಾಗಿ ಸರಕಾರವು ಗೊತ್ತಾದ ಕಾಲದವರೆಗೆ ಅವನ ಅಪ್ಪಣೆಯಿಲ್ಲದೆ ಬೇರೆಯವರು ಅದನ್ನು ಮಾಡಿ ಮಾರದಂತೆ ತಡೆಯುವ ಹಕ್ಕನ್ನು ಕೊಡುತ್ತದೆ. ಕಾಲ ಮುಗಿದ ಮೇಲೆ ಅದು ಎಲ್ಲರ ಸೊತ್ತು. ಆದುದರಿಂದ ಗುಟ್ಟನ್ನು ಬಿಟ್ಟುಕೊಡುವುದು ಅನಿವಾರ್ಯವೇ. ಆದರೆ ಮೊದಲು ಯಾರ ಮುಂದೆ ಬಿಟ್ಟುಕೊಡಬೇಕು ಎಂಬುದರಲ್ಲಿ ಎಲ್ಲವೂ ಅಡಗಿದೆ. ನಮ್ಮ ತರುಣನು ಪೇಟೆಂಟ್ ಕಚೇರಿಗೆ ಹೇಳಬೇಕಾದುದನ್ನು ಮೊದಲು ನಮಗೆ ಹೇಳಿದನು. ನಾವು ಊರಿಗೆಲ್ಲ ಹೇಳಿದೆವು.

ಈ ಕರಾರಿನ ಫಲ ನಮ್ಮ ಮನೆಮನೆಗಳಲ್ಲಿದೆ. ಮೂರು ವಸ್ತುಗಳನ್ನು ನೋಡೋಣ.

ಮೊದಲನೆಯದು ಹೃದಯದ ಬಡಿತ ಕಾಯುವ ಪೇಸ್‌ಮೇಕರ್. ಇಂದು ನಮ್ಮ ಓದುಗರ ಮನೆಗಳ ಎಷ್ಟೋ ಹಿರಿಯರ ಎದೆಯಲ್ಲಿ ಅದಿದೆ. ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬಾತನ ಹೃದಯ ಬಡಿತ ತಪ್ಪಿ, ಆತನು ಪದೇ ಪದೇ ಪ್ರಜ್ಞೆ ತಪ್ಪಿ ಬೀಳುತ್ತಿದ್ದನು. ಆತನ ಪತ್ನಿ ವೈದ್ಯ ಓಕೆ ಸೆನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿಡದೆ, ಏನಾದರೂ ಮಾಡಿರೆಂದು ಹಟ ಹಿಡಿದಳು. ಬೂಟು ಪಾಲಿಶ್ ಡಬ್ಬಿಯನ್ನೇ ಅಚ್ಚಾಗಿ ಮಾಡಿ ಎರಕ ಹೊಯ್ದ ಪುಟ್ಟ ಉಪಕರಣವನ್ನು 1958ರ ಅಕ್ಟೋಬರ್ 8ರಂದು ಆತನ ದೇಹದೊಳಗೆ ಇಟ್ಟರು. ಮೊದಲನೆಯದು ಕೆಲವೇ ಗಂಟೆಗಳಲ್ಲಿ ನಿಂತಿತು, ಎರಡನೆಯದನ್ನು ಇಟ್ಟರು. ಆ ಮನುಷ್ಯನು ಮುಂದೆ ಒಟ್ಟು 26 ಉಪಕರಣಗಳನ್ನು ಬದಲಿಸಿಕೊಂಡು, ತನ್ನನ್ನು ಉಳಿಸಿದ ವೈದ್ಯನಿಗಿಂತಲೂ ಎಂಜಿನಿಯರನಿಗಿಂತಲೂ ಹೆಚ್ಚು ಕಾಲ ಬಾಳಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅದೇ ಕಾಲಕ್ಕೆ ಅಮೆರಿಕದಲ್ಲಿ ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಎಂಜಿನಿಯರನು ಹೃದಯದ ಸದ್ದನ್ನು ದಾಖಲಿಸುವ ಸರ್ಕ್ಯೂಟ್ ಕಟ್ಟುತ್ತಿದ್ದಾಗ 10,000 ಓಮ್ ರೆಸಿಸ್ಟರ್ ಹಾಕುವಲ್ಲಿ ತಪ್ಪಿ 10 ಲಕ್ಷ ಓಮ್‌ನದನ್ನು ಹಾಕಿದನು. ಸರ್ಕ್ಯೂಟು ಒಮ್ಮೆ ಮಿಡಿಯಿತು, ಒಂದು ಕ್ಷಣ ಸುಮ್ಮನಿತ್ತು, ಮತ್ತೆ ಮಿಡಿಯಿತು. ಇದು ಹೃದಯದ ಬಡಿತವೇ ಎಂದು ಅವನಿಗೆ ಹೊಳೆಯಿತು. ಕೈಯಲ್ಲಿದ್ದ 2,000 ಡಾಲರ್ ಉಳಿತಾಯದಲ್ಲಿ ಸಂಸಾರ ನಡೆಸುತ್ತ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೈಯಿಂದಲೇ 50 ಉಪಕರಣಗಳನ್ನು ತಯಾರಿಸಿದನು. 1960ರ ಜುಲೈಯಲ್ಲಿ ಸಲ್ಲಿಸಿದ ಅರ್ಜಿಗೆ 1962ರ ಅಕ್ಟೋಬರಿನಲ್ಲಿ ಪೇಟೆಂಟ್ ದೊರೆಯಿತು. ಅರ್ಜಿ ಇನ್ನೂ ಪರಿಶೀಲನೆಯಲ್ಲಿದ್ದಾಗಲೇ ಅದರ ಬಲದಿಂದ ಮೆಡ್‌ಟ್ರಾನಿಕ್ ಎಂಬ, ಆಗಿನ್ನೂ ಸಣ್ಣದಾಗಿದ್ದ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ತಯಾರಿಕೆಗೆ ಅನುಮತಿ ಕೊಟ್ಟನು. ಕೊಟ್ಟಿಗೆಯ ಕೆಲಸ ಕಾರ್ಖಾನೆಗೆ ಹೋಗಲು, ಅಲ್ಲಿಂದ ರೋಗಿಗಳಿಗೆ ತಲುಪಲು ಆ ಕಾಗದವೇ ಸೇತುವೆಯಾಯಿತು. ಅಂದಿನ ಅಮೆರಿಕದ ಕಾಯಿದೆಯಂತೆ ಅದರ ಆಯುಷ್ಯ 17 ವರ್ಷ ಮಾತ್ರ.

ಎರಡನೆಯದು ನಮ್ಮ ಟಿವಿ, ಗಡಿಯಾರ, ಮೊಬೈಲುಗಳ ಒಳಗಿರುವ ಚಿಪ್. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಗೆ 1958ರಲ್ಲಿ ಹೊಸದಾಗಿ ಸೇರಿದ ಜ್ಯಾಕ್ ಕಿಲ್ಬಿಗೆ ಬೇಸಿಗೆ ರಜೆಯ ಹಕ್ಕಿರಲಿಲ್ಲ. ಉಳಿದವರೆಲ್ಲ ರಜೆಗೆ ಹೋದಾಗ ಬರಿದಾದ ಪ್ರಯೋಗಾಲಯದಲ್ಲಿ ಕುಳಿತು, ಸರ್ಕ್ಯೂಟಿನ ಬಿಡಿಭಾಗಗಳನ್ನೆಲ್ಲ ಒಂದೇ ತುಣುಕಿನಲ್ಲಿ ಮಾಡುವ ಉಪಾಯವನ್ನು ಕಂಡುಕೊಂಡನು. 1959ರ ಫೆಬ್ರವರಿಯಲ್ಲಿ ಅರ್ಜಿ ಹೋಯಿತು. ಕೆಲವೇ ತಿಂಗಳ ತರುವಾಯ ಫೇರ್‌ಚೈಲ್ಡ್ ಸಂಸ್ಥೆಯ ರಾಬರ್ಟ್ ನಾಯ್ಸ್ ತನ್ನದೇ ದಾರಿಯಲ್ಲಿ ಅದೇ ಗುರಿ ಮುಟ್ಟಿ ಅರ್ಜಿ ಹಾಕಿದನು. ತಡವಾಗಿ ಅರ್ಜಿ ಹಾಕಿದ ನಾಯ್ಸ್‌ಗೆ 1961ರಲ್ಲಿ, ಮೊದಲು ಹಾಕಿದ ಕಿಲ್ಬಿಗೆ 1964ರಲ್ಲಿ ಪೇಟೆಂಟ್ ಬಂದಿತು. ಕಿಲ್ಬಿಯ ಚಿತ್ರದಲ್ಲಿ ಭಾಗಗಳನ್ನು ಕೂಡಿಸುವ ತಂತಿಗಳು ಮೇಲೆ ತೂಗುತ್ತಿದ್ದವು. ನಾಯ್ಸ್‌ನದರಲ್ಲಿ ಲೋಹದ ಗೆರೆಗಳು ಮೇಲ್ಮೈಗೇ ಅಂಟಿಕೊಂಡಿದ್ದವು. ಕಿಲ್ಬಿಯ ಅರ್ಜಿಯಲ್ಲಿದ್ದ ಒಂದು ಮಾತಿಗೆ ‘ಅಂಟಿಕೊಂಡಿರುವುದು’ ಎಂಬ ಅರ್ಥ ಬರುತ್ತದೆಯೇ ಎಂಬ ವ್ಯಾಜ್ಯವು ವರ್ಷಗಟ್ಟಲೆ ನಡೆದು, 1969ರಲ್ಲಿ ತೀರ್ಪು ನಾಯ್ಸ್‌ನ ಕಡೆಗಾಯಿತು. ಅಷ್ಟರೊಳಗೆ, 1966ರಲ್ಲಿಯೇ, ಎರಡೂ ಸಂಸ್ಥೆಗಳು ಪರಸ್ಪರ ಅನುಮತಿಯ ಒಪ್ಪಂದಕ್ಕೆ ಬಂದು ವಿವೇಕ ತೋರಿದ್ದವು. ಕಿಲ್ಬಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ನಾಯ್ಸ್ 1990ರಲ್ಲಿಯೇ ತೀರಿಹೋಗಿದ್ದನು. ಅರ್ಜಿಯ ಒಂದೊಂದು ಶಬ್ದಕ್ಕೂ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮೂರನೆಯದು ಹಾಲು, ಹಣ್ಣಿನ ರಸ ತುಂಬಿ ಬರುವ ಟೆಟ್ರಾ ಪ್ಯಾಕ್. ಇದೂ ಸ್ವೀಡನ್ನಿನದೇ. 1944ರಲ್ಲಿ ಎರಿಕ್ ವಾಲೆನ್‌ಬರ್ಗ್ ಎಂಬ ತರುಣ ನೌಕರನಿಗೆ ಕಾಗದದ ಕೊಳವೆಯನ್ನು ಮೇಲೆ ಕೆಳಗೆ ಅಡ್ಡದಿಡ್ಡವಾಗಿ ಒತ್ತಿದರೆ ನಾಲ್ಕು ಮೂಲೆಯ ಪೊಟ್ಟಣವಾಗುವುದೆಂದು ಹೊಳೆಯಿತು. ಆದರೆ ತುಂಬುವಾಗ ಒಳಗೆ ಗಾಳಿ ಸೇರದಂತೆ ಮಾಡುವುದು ಹೇಗೆ? ಸಂಸ್ಥೆಯ ಒಡೆಯ ರೂಬೆನ್ ರೌಸಿಂಗ್‌ನ ಪತ್ನಿ ಎಲಿಸಬೆತ್, ಹಾಲು ಹರಿಯುತ್ತಿರುವಂತೆಯೇ ಅದರ ಮಟ್ಟಕ್ಕಿಂತ ಕೆಳಗೆ ಕೊಳವೆಯನ್ನು ಒತ್ತಿ ಮುಚ್ಚಬಾರದೇಕೆ ಎಂದು ಸೂಚಿಸಿದಳೆಂಬುದು ಪ್ರಸಿದ್ಧವಾದ ಮಾತು. ಅಡುಗೆಮನೆಯ ಅನುಭವವೇ ಅಲ್ಲಿ ಕೆಲಸಕ್ಕೆ ಬಂದಿತು. 1952ರಲ್ಲಿ ಮೊದಲ ಯಂತ್ರವು ಲುಂಡ್ ಪಟ್ಟಣದ ಡೇರಿಗೆ ಹೋಗಿ ಕೆನೆ ತುಂಬತೊಡಗಿತು. ಪೇಟೆಂಟ್ ಮಾತ್ರ ಒಡೆಯನ ಹೆಸರಿನಲ್ಲಿತ್ತು. ವಾಲೆನ್‌ಬರ್ಗ್‌ನ ಪಾಲನ್ನು ಲೋಕವು ತಡವಾಗಿ ಮನ್ನಿಸಿತು. 1991ರಲ್ಲಿ ಅಲ್ಲಿಯ ಎಂಜಿನಿಯರಿಂಗ್ ಅಕಾಡೆಮಿಯು ಅವನಿಗೆ ಚಿನ್ನದ ಪದಕ ನೀಡಿತು. ನೌಕರಿಯಲ್ಲಿರುವ ನಮ್ಮ ಮಕ್ಕಳು ನೇಮಕದ ಕರಾರಿಗೆ ಸಹಿ ಹಾಕುವ ಮೊದಲು ಅದರಲ್ಲಿ ಶೋಧದ ಹಕ್ಕಿನ ಬಗೆಗೆ ಏನಿದೆಯೆಂದು ಓದಿಕೊಳ್ಳುವುದು ಮೇಲು.

ಇನ್ನು ಕೆಲವರು ಕೇಳಬಹುದು: ವಿದ್ಯೆಯನ್ನು ಹಂಚಬೇಕಲ್ಲದೆ ಅದಕ್ಕೆ ಬೇಲಿ ಹಾಕುವುದು ಸರಿಯೇ? ನಮ್ಮ ದೇಶದ ಜಗದೀಶಚಂದ್ರ ಬೋಸರಿಗೂ ಇದೇ ಸಂಕೋಚವಿದ್ದಿತು. ಸ್ನೇಹಿತರ ಒತ್ತಾಯದಿಂದ 1901ರಲ್ಲಿ ವಿದ್ಯುತ್ ಅಲೆಗಳನ್ನು ಗುರುತಿಸುವ ಸಾಧನಕ್ಕೆ ಅಮೆರಿಕದಲ್ಲಿ ಅರ್ಜಿ ಸಲ್ಲಿಸಿದರು. 1904ರಲ್ಲಿ ಪೇಟೆಂಟ್ ಬಂದರೂ ಅದರಿಂದ ಹಣ ಗಳಿಸುವ ಗೋಜಿಗೆ ಹೋಗಲಿಲ್ಲ. ಅದು ದೊಡ್ಡ ಮನಸ್ಸು. ಆದರೆ ಬೋಸರು ತಮ್ಮ ಕೈಯಲ್ಲಿದ್ದುದು ಏನೆಂದು ಅರಿತು ಬಿಟ್ಟರು. ಅರಿತು ಕೊಟ್ಟರೆ ದಾನ. ಅರಿಯದೆ ಕಳೆದುಕೊಂಡರೆ ಅದಕ್ಕೆ ನಷ್ಟವೆಂದೇ ಹೆಸರು. ನಮ್ಮ ತರುಣನ ತಾಯಿ ಆ ಯಂತ್ರವನ್ನು ನೆರೆಹೊರೆಯ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಉಚಿತವಾಗಿಯೇ ಕೊಡುತ್ತಿದ್ದರೇನೋ. ಆದರೆ ಕೊಡುವ ಅಧಿಕಾರ ಅವರ ಕೈಯಲ್ಲಿ ಉಳಿಯಲಿಲ್ಲ.

ನಮ್ಮ ಮನೆಗಳ ಎಳೆಯರು ಇಂದು ಎಂಜಿನಿಯರಿಂಗ್, ಪಾಲಿಟೆಕ್ನಿಕ್, ಐಟಿಐಗಳಲ್ಲಿ ಓದುತ್ತಿದ್ದಾರೆ. ಗ್ಯಾರೇಜು, ಹಿಟ್ಟಿನ ಗಿರಣಿಗಳಲ್ಲಿ ದುಡಿಯುತ್ತಿದ್ದಾರೆ. ಅವರಿಗಾಗಿ ಕೆಲವು ಮಾತುಗಳು. ನಮ್ಮಲ್ಲಿ ಜಾರಿಯಲ್ಲಿರುವುದು 1970ರ ಪೇಟೆಂಟ್ ಕಾಯಿದೆ ಮತ್ತು ಅದರ ತಿದ್ದುಪಡಿಗಳು. ಶೋಧವು ಹೊಸದಾಗಿರಬೇಕು, ಆ ಕಸುಬಿನವರಿಗೆ ಸಹಜವಾಗಿಯೇ ಹೊಳೆಯುವಂಥದಾಗಿರಬಾರದು, ಕೈಗಾರಿಕೆಯಲ್ಲಿ ಉಪಯೋಗಕ್ಕೆ ಬರುವಂತಿರಬೇಕು. ವೈದ್ಯಕೀಯ ಉಪಕರಣಕ್ಕೆ ಪೇಟೆಂಟ್ ಉಂಟು, ಆದರೆ ರೋಗಿಗೆ ಚಿಕಿತ್ಸೆ ಮಾಡುವ ವಿಧಾನಕ್ಕೆ ಇಲ್ಲ. ಹಕ್ಕಿನ ಅವಧಿ ಅರ್ಜಿಯ ದಿನದಿಂದ 20 ವರ್ಷ. ನಡುವೆ ನವೀಕರಣ ಶುಲ್ಕ ಕಟ್ಟದಿದ್ದರೆ ಅದು ಬಿದ್ದುಹೋಗುತ್ತದೆ. ಭಾರತದ ಪೇಟೆಂಟ್ ಭಾರತದಲ್ಲಿ ಮಾತ್ರ ನಡೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ದಿನಾಂಕ. ಯಂತ್ರ ಪೂರ್ಣಗೊಳ್ಳುವವರೆಗೆ ಕಾಯಬೇಕಾಗಿಲ್ಲ. ಶೋಧದ ಸ್ವರೂಪವನ್ನು ಬರೆದು ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಕರ್ನಾಟಕದವರ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಗೆ ಸಲ್ಲುತ್ತವೆ. ಸ್ವತಃ ಅರ್ಜಿ ಹಾಕುವ ವ್ಯಕ್ತಿಗಳಿಗೆ ದೊಡ್ಡ ಕಂಪನಿಗಳಿಗಿಂತ ಶುಲ್ಕ ಕಡಿಮೆ. ಪರಿಶೀಲನೆಗೆ ಬೇರೆಯಾಗಿಯೇ ಕೋರಿಕೆ ಸಲ್ಲಿಸಬೇಕೆಂಬುದನ್ನು ಮರೆಯಬಾರದು. ಕೇಂದ್ರ ಸರಕಾರವು ಗೆಜೆಟ್ಟಿನಲ್ಲಿ ಸಾರಿದ ಪ್ರದರ್ಶನಗಳಂಥ ಕೆಲವು ಸಂದರ್ಭಗಳಿಗೆ ಒಂದು ವರ್ಷದ ವಿನಾಯಿತಿ ಇದೆ. ಊರ ಜಾತ್ರೆಯ ವಸ್ತುಪ್ರದರ್ಶನಕ್ಕೆ, ಕಾಲೇಜಿನ ಹಬ್ಬಕ್ಕೆ, ನಮ್ಮಂಥ ಪತ್ರಿಕೆಯ ಲೇಖನಕ್ಕೆ ಆ ರಕ್ಷಣೆ ಇದೆಯೆಂದು ನಂಬಿ ಕೂಡ್ರಬಾರದು. ಮೊದಲು ಅರ್ಜಿ, ಆಮೇಲೆ ಮೆರವಣಿಗೆ.

ಇನ್ನೊಂದು ಲಾಭವೂ ಉಂಟು. ಅವಧಿ ಮುಗಿದ ಪೇಟೆಂಟುಗಳ ಬರಹಗಳೆಲ್ಲ ಯಾರು ಬೇಕಾದರೂ ಓದಿ ಬಳಸಬಹುದಾದ ಭಂಡಾರ. ಗ್ರೇಟ್‌ಬ್ಯಾಚ್‌ನ ಸರ್ಕ್ಯೂಟಿನ ಚಿತ್ರವನ್ನು ಇಂದು ನಮ್ಮ ವಿದ್ಯಾರ್ಥಿಯೊಬ್ಬನು ಬಿಚ್ಚಿಟ್ಟುಕೊಂಡು ಕಲಿಯಬಹುದು. ಕರಾರಿನಲ್ಲಿ ಲೋಕದ ಪಾಲಿಗೆ ಬಂದ ಭಾಗವಿದು. ಅದನ್ನು ನಾವು ಬಿಡಬಾರದು.

ಆ ತರುಣನು ಕೈಕಟ್ಟಿ ಕುಳಿತಿಲ್ಲ. ವಿದ್ಯುತ್ತಿನ ಒತ್ತಡ ಏರಿಳಿದಾಗ ಚೀಲ ಸುಡದಂತೆ, ಅರೆಬರೆ ಅಂಟದಂತೆ ಬಿಸಿಯನ್ನು ಹದದಲ್ಲಿಡುವ ಸರ್ಕ್ಯೂಟೊಂದನ್ನು ಈಗ ಮಾಡಿದ್ದಾನಂತೆ. ಅದು ಹೊಸದೆಂದು ಕಚೇರಿ ಒಪ್ಪುವುದೋ ಇಲ್ಲವೋ, ಅದು ಪರಿಶೀಲಿಸುವವರಿಗೆ ಬಿಟ್ಟುದು. ಅಂದು ಅವನು ಅದನ್ನು ಒಂದು ವಸ್ತ್ರದಲ್ಲಿ ಸುತ್ತಿ ತಾಯಿ ಕಳಿಸಿದ ರೊಟ್ಟಿಯ ಗಂಟಿನ ಜೊತೆಗೇ ತಂದಿದ್ದನು. ನಮಗೆ ತೋರಿಸಲು ಗಂಟಿಗೆ ಕೈ ಹಾಕಿದನು. ನಾವು ಕೈ ಹಿಡಿದು ತಡೆದೆವು. ರೊಟ್ಟಿಯನ್ನಷ್ಟೇ ಇಸಿದುಕೊಂಡೆವು. ಅರ್ಜಿ ಸಲ್ಲಿಸಿದ ದಿನಾಂಕವನ್ನು ಅವನು ಪತ್ರ ಬರೆದು ತಿಳಿಸಿದ ಮೇಲೆಯೇ ಆ ಸರ್ಕ್ಯೂಟಿನ ಮಾತು ಈ ಅಂಕಣದಲ್ಲಿ ಬರುವುದು.