ಎಂಬತ್ತೇಳರಲ್ಲಿ ಒಂದು ಪಾಲು

ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಲಕ್ಷ್ಮೀನರಸಿಂಹಸ್ವಾಮಿಯ ಗುಡಿಗೆ ಅನತಿ ದೂರದಲ್ಲಿ ಒಂದು ಹಳೆಯ ಹೆಂಚಿನ ಮನೆಯಿದೆಯೆಂದು ಭಾವಿಸಬಹುದು. ಮನೆಯ ಹಿರಿಯರು ಕಬ್ಬಿಣದ ಕಾರ್ಖಾನೆಯ ಎರಕದ ಕೆಲಸಕ್ಕೆ ಮರದ ಮಾದರಿಗಳನ್ನು ಮಾಡಿಕೊಟ್ಟು ನಿವೃತ್ತರಾದವರು. ಬೇಸಿಗೆಯ ರಜೆಗೆ ಬಂದಿರುವ ಮೊಮ್ಮಗ ನಡುಮನೆಯ ತುಂಬ ರಟ್ಟು, ಕತ್ತರಿ, ಅಂಟು ಹರಡಿಕೊಂಡು ಕುಳಿತಿದ್ದಾನೆ. ಊಟಕ್ಕೆ ಎಲೆ ಹಾಕಲು ಜಾಗವಿಲ್ಲವೆಂದು ಅಜ್ಜಿಯ ತಕರಾರು. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಹಿಂದೆ ಓಡುತ್ತಿದ್ದ ಡೀಸೆಲ್ ರೈಲ್‌ಬಸ್ಸನ್ನು ಪುಟ್ಟದಾಗಿ ಮಾಡುವುದು ಹುಡುಗನ ಹಂಬಲ.

“ಚೆನ್ನಾಗಿದೆ, ಮಗಾ. ಅಳತೆ ಯಾವುದು?”

“ಅಳತೆ ಯಾಕಜ್ಜ? ನೋಡಿದರೆ ರೈಲ್‌ಬಸ್ಸೆಂದು ಗೊತ್ತಾಗುವುದಿಲ್ಲವೆ?”

“ಗೊತ್ತಾಗುತ್ತದೆ. ಆದರೆ ಈ ಬಾಗಿಲಲ್ಲಿ ನಿನ್ನ ಅಜ್ಜಿ ಹತ್ತಲಾದೀತೆ?”

ಆಟಿಕೆಗೂ ಪ್ರತಿಕೃತಿಗೂ ಇರುವ ಭೇದವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲಿಗೆ ಅಳತೆ ಬೇಡ. ಕೊರತೆಯನ್ನು ಮಗುವಿನ ಕಲ್ಪನೆ ತುಂಬಿಕೊಡುತ್ತದೆ. ಪ್ರತಿಕೃತಿಯಲ್ಲಿಯಾದರೋ ಗಾಲಿ, ಕಿಟಕಿ, ಮೆಟ್ಟಿಲು ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಹೊಯ್ಸಳ ಶಿಲ್ಪಿಗಳು ಗುಡಿಯ ಹೊರಗೋಡೆಯ ಮೇಲೆ ಪುಟ್ಟ ಪುಟ್ಟ ಗೋಪುರಗಳನ್ನು ಕಡೆದಿಟ್ಟರು. ದೊಡ್ಡ ಶಿಖರದ ರೂಪ ಗೇಣುದ್ದದಲ್ಲಿ ಮತ್ತೆ ಕಾಣಿಸಿತು.

ರೈಲಿನ ಪ್ರತಿಕೃತಿಗಳಲ್ಲಿ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಕ್ಕೆ ‘ಎಚ್‌ಓ’ ಎಂದು ಹೆಸರು. ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು ಅದರ ಅಳತೆ. 15 ಮೀಟರು ಉದ್ದದ ಇಂಜಿನು ಅಲ್ಲಿ 17 ಸೆಂಟಿಮೀಟರಾಗುತ್ತದೆ. ಎರಡು ಹಳಿಗಳಲ್ಲಿ 12 ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಅದರ ದಿಕ್ಕನ್ನು ಬದಲಿಸಿದರೆ ಇಂಜಿನು ಹಿಂದಕ್ಕೆ ಚಲಿಸುತ್ತದೆ.

ಈ ಹವ್ಯಾಸಿಗಳಲ್ಲಿ ಹಳೆಯ ಪ್ಯಾಸೆಂಜರ್ ಡೀಸೆಲ್ ಇಂಜಿನುಗಳ ಮೇಲೆ ಪ್ರಾಣವಿಟ್ಟಿರುವವರು ಅನೇಕರು. ಅಮೆರಿಕದ ಲಯನೆಲ್ ಕಂಪೆನಿ 1948ರಲ್ಲಿ ಸ್ಯಾಂಟಾ ಫೆ ರೈಲ್ವೆಯ ಕೆಂಪು–ಬೆಳ್ಳಿ ಬಣ್ಣದ ಡೀಸೆಲ್ ಇಂಜಿನನ್ನು ಮನೆಯೊಳಗಿನ ಹಳಿಯ ಮೇಲೆ ಓಡಿಸಿದಾಗ ಅಲ್ಲಿನ ಹುಡುಗರು ಮಾತ್ರವಲ್ಲ, ಅವರ ತಂದೆಯರೂ ಮರುಳಾದರು. ಆ ಇಂಜಿನುಗಳಂತೆಯೇ ದುಂಡುಮೂತಿಯ ಡಬ್ಲ್ಯುಡಿಎಂ-1 ಇಂಜಿನುಗಳು 1957ರಿಂದ ಭಾರತದ ಬ್ರಾಡ್‌ಗೇಜಿನ ಮೇಲೂ ಓಡಿದವು. ಮೀಟರ್ ಗೇಜಿಗೆ 1961ರ ಸುಮಾರಿಗೆ ವೈಡಿಎಂ-4 ಬಂದಿತು. ಆರು ಜೊತೆ ಗಾಲಿ, 72 ಟನ್ನು ತೂಕ.

ಈ ತೂಕದಲ್ಲೊಂದು ಸ್ವಾರಸ್ಯವಿದೆ. ಉದ್ದವನ್ನು 87ರಿಂದ ಒಮ್ಮೆ ಭಾಗಿಸಿದರೆ ಸಾಕು. ತೂಕವನ್ನಾದರೋ ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ, ಎತ್ತರಕ್ಕೊಮ್ಮೆ, ಮೂರು ಸಲ ಭಾಗಿಸಬೇಕು. ಆಗ 72 ಟನ್ನಿನ ಇಂಜಿನು ಸುಮಾರು 109 ಗ್ರಾಂ ತೂಗುತ್ತದೆ! ಅಷ್ಟು ಹಗುರವಾದರೆ ಗಾಲಿ ಹಳಿಯನ್ನು ಕಚ್ಚದೆ ನಿಂತಲ್ಲೇ ತಿರುಗೀತು. ಆದುದರಿಂದ ಬಲ್ಲವರು ಅದರ ಹೊಟ್ಟೆಯಲ್ಲಿ ಸೀಸದ ತುಂಡುಗಳನ್ನು ಅಡಗಿಸಿಡುತ್ತಾರೆ. ವೇಗದ್ದೂ ಹೀಗೆಯೇ ಸೋಜಿಗ. ಗಂಟೆಗೆ 60 ಕಿಲೋಮೀಟರು ಓಡುವ ರೈಲು ನಡುಮನೆಯಲ್ಲಿ ಸೆಕೆಂಡಿಗೆ 19 ಸೆಂಟಿಮೀಟರು ಮಾತ್ರ ಸಾಗಬೇಕು. ಇರುವೆಯ ಸಾಲಿನಂತೆ ಮೆಲ್ಲನೆ ಸಾಗಿದರೇನೇ ಅದು ನಿಜವಾದ ರೈಲೆನ್ನಿಸುವುದು.

ಎಲ್ಲವನ್ನೂ 87ರಿಂದ ಭಾಗಿಸಬಹುದು; ಆದರೆ ಮನೆಯನ್ನು ಗುಣಿಸಲಾಗುವುದಿಲ್ಲ. ಭದ್ರಾವತಿಗೂ ಶಿವಮೊಗ್ಗೆಗೂ ನಡುವಿನ 18 ಕಿಲೋಮೀಟರು ಈ ಲೆಕ್ಕದಲ್ಲಿ 200 ಮೀಟರನ್ನು ಮೀರುತ್ತದೆ. ಹವ್ಯಾಸಿಯು ಒಂದು ನಿಲ್ದಾಣ, ಒಂದು ಸೇತುವೆ, ಎರಡು ತಿರುವುಗಳಿಗೆ ತೃಪ್ತನಾಗಬೇಕು. ಆ ತಿರುವುಗಳೂ ನಿಜಕ್ಕಿಂತ ಬಹಳ ಬಿಗಿಯಾದವು. ಇಷ್ಟು ಸುಳ್ಳನ್ನು ಎಲ್ಲರೂ ಕ್ಷಮಿಸುತ್ತಾರೆ.

ಕ್ಷಮಿಸಲು ಕಷ್ಟವಾದುದು ಹಳಿಗಳ ಅಂತರದಲ್ಲಿ ಆಗುವ ತಪ್ಪು. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಎಚ್‌ಓ ಹಳಿಯ ಅಂತರ 16.5 ಮಿಲಿಮೀಟರು. ಅದು ಯೂರೋಪು, ಅಮೆರಿಕಗಳ ರೈಲಿಗೆ ಹೇಳಿಸಿದ್ದು. ಭಾರತದ ಬ್ರಾಡ್‌ಗೇಜು 1,676 ಮಿಲಿಮೀಟರು. 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಹೆಚ್ಚು. ಹೀಗಾಗಿ ನಮ್ಮ ಬ್ರಾಡ್‌ಗೇಜ್ ಇಂಜಿನನ್ನು ಆ ಹಳಿಯ ಮೇಲೆ ನಿಲ್ಲಿಸಿದರೆ, ದೊಡ್ಡ ಮೈಯ ಆಸಾಮಿ ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ. ಮೀಟರ್ ಗೇಜಿನ ಮಾತು ಬೇರೆ. 1,000 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಸುಮಾರು 11.5. ಸ್ವಿಟ್ಜರ್ಲೆಂಡಿನ ಪರ್ವತಗಳಲ್ಲಿ ಓಡುವ ಮೀಟರ್ ಗೇಜ್ ರೈಲುಗಳ ಪ್ರತಿಕೃತಿಗಳಿಗಾಗಿ 12 ಮಿಲಿಮೀಟರಿನ ಹಳಿ ಸಿದ್ಧವಾಗಿಯೇ ದೊರೆಯುತ್ತದೆ. ವ್ಯತ್ಯಾಸ ಕೇವಲ ಅರ್ಧ ಮಿಲಿಮೀಟರು! ಆಲ್ಪ್ಸಿನ ಹಳಿಯ ಮೇಲೆ ಮಲೆನಾಡಿನ ರೈಲು ಸುಖವಾಗಿ ಓಡಬಲ್ಲದು.

ವಿಪರ್ಯಾಸವೆಂದರೆ, ಪ್ರತಿಕೃತಿಗೆ ಇಷ್ಟು ಚೆನ್ನಾಗಿ ಒಗ್ಗುವ ಆ ಮೀಟರ್ ಗೇಜು ನಿಜದಲ್ಲಿ ಇಲ್ಲಿ ಉಳಿದಿಲ್ಲ. ಬೀರೂರಿನಿಂದ ಶಿವಮೊಗ್ಗೆಗೆ 1899ರಲ್ಲಿ ಬಂದ ಹಳಿ ಬ್ರಾಡ್‌ಗೇಜಾಯಿತು. 2011ರ ಹೊತ್ತಿಗೆ ತಾಳಗುಪ್ಪದವರೆಗಿನ ಹಳಿಯೂ ಹಾಗೆಯೇ ಆಯಿತು. ಅದರಿಂದ ಊರುಗಳಿಗೆ ಆದುದು ಉಪಕಾರವೇ. ಬೆಂಗಳೂರಿಗೆ ಹೋಗುವವರಾರೂ ಹಳೆಯ ಹಳಿಗಾಗಿ ಕಣ್ಣೀರಿಡಬೇಕಾಗಿಲ್ಲ. ಆದರೆ ರೈಲ್‌ಬಸ್ಸಿನ ಕಿಟಕಿ ಎಷ್ಟು ಎತ್ತರದಲ್ಲಿತ್ತು, ಬಾಗಿಲು ಎಷ್ಟು ಅಗಲವಿತ್ತು ಎಂಬುದನ್ನು ಇನ್ನು ಮೂವತ್ತು ವರ್ಷಗಳ ಮೇಲೆ ಯಾರನ್ನು ಕೇಳುವುದು? 1979ರಲ್ಲಿ ಪ್ರಾರಂಭವಾದ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಂಥ ಸ್ಥಳದಲ್ಲಿ ಹಳೆಯ ಗಾಡಿಗಳನ್ನು ಮುಟ್ಟಿ ನೋಡಬಹುದು. ಆದರೆ ಓಡಿದ ಗಾಡಿಗಳೆಲ್ಲ ಮ್ಯೂಸಿಯಮ್ಮನ್ನು ಸೇರುವುದಿಲ್ಲ. ಉಳಿದವುಗಳಿಗೆ ಮನೆಯ ಫೋಟೋ ಆಲ್ಬಮ್ಮು ಮತ್ತು ಹಿರಿಯರ ನೆನಪೇ ಗತಿ.

ಫೋಟೋದಿಂದ ಅಳತೆ ತೆಗೆಯುವ ಉಪಾಯವೊಂದುಂಟು. ಗಾಡಿಯನ್ನು ನೇರ ಎದುರಿನಿಂದ ತೆಗೆದ ಚಿತ್ರವಿದ್ದರೆ, ಮುಂಗಾಲಿಗಳ ಬಳಿ ಎರಡು ಹಳಿಗಳ ನಡುವಿನ ಅಂತರ 1 ಮೀಟರೆಂದು ತಿಳಿದೇ ಇದೆ. ಆ ಅಂತರವನ್ನೇ ಅಡಿಕೋಲಾಗಿ ಮಾಡಿಕೊಂಡರೆ ಗಾಡಿಯ ಅಗಲ, ಎತ್ತರ ಹೆಚ್ಚು ಕಡಿಮೆ ಸಿಗುತ್ತವೆ. ಎತ್ತರ ಸಿಕ್ಕಿದರೆ ಪಕ್ಕದಿಂದ ತೆಗೆದ ಚಿತ್ರದಲ್ಲಿ ಉದ್ದವೂ ಸಿಗುತ್ತದೆ. ಓಲ್ಡ್ ಟೌನಿನ ಅಜ್ಜನಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾದ ಕಬ್ಬಿಣ ಆರಿದಾಗ ಕುಗ್ಗುವುದರಿಂದ ಮರದ ಮಾದರಿಯನ್ನು ನೂರಕ್ಕೆ ಒಂದು ಪಾಲಿನಷ್ಟು ಹಿಗ್ಗಿಸಿ ಮಾಡುವ ಕಸಬಿನಲ್ಲಿ ಪಳಗಿದ ಕೈ ಅದು.

ಆದರೂ ಅಂದು ಅವರು ಒಂದು ಕಡೆ ತಡೆದು ನಿಂತರು. ಮೆಟ್ಟಿಲು ಯಾವ ಫೋಟೋದಲ್ಲಿಯೂ ಇಲ್ಲ.

“ಮೆಟ್ಟಿಲೆ? ನನ್ನ ಮೊಣಕಾಲಿಗೆ ಬರುತ್ತಿತ್ತು,” ಎಂದು ಅಡಿಗೆಮನೆಯಿಂದ ಧ್ವನಿ ಬಂತು. “ಸಾಗರದ ಜಾತ್ರೆಯಿಂದ ಬರುವಾಗ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನಿನ್ನ ಅಮ್ಮ. ಹತ್ತುವಷ್ಟರಲ್ಲಿ ಸಾಕುಬೇಕಾಗಿತ್ತು.”

ಹುಡುಗ ಅಡಿಕೋಲು ಹಿಡಿದು ಓಡಿದ. ನೆಲದಿಂದ ಅಜ್ಜಿಯ ಮೊಣಕಾಲಿಗೆ 45 ಸೆಂಟಿಮೀಟರು. ಭಾಗಿಸು 87ರಿಂದ: 5 ಮಿಲಿಮೀಟರು. ರಟ್ಟಿನ ಗಾಡಿಯಲ್ಲಿ ಮೆಟ್ಟಿಲನ್ನು ಅದರ ಎರಡರಷ್ಟು ಎತ್ತರದಲ್ಲಿ ಅಂಟಿಸಿದ್ದ. ಕಿತ್ತು ಸರಿಯಾಗಿ ಕೂರಿಸಿದ.

“ಈಗ ಹತ್ತಬಹುದು, ಅಜ್ಜಿ.”

“ಹತ್ತುತ್ತೇನಂತೆ. ಮೊದಲು ಅದನ್ನೆಲ್ಲ ಎತ್ತಿಡು, ಎಲೆ ಹಾಕಬೇಕು.”