ಸರಕಿನ ಮೂಲವನ್ನು ಕೇಳುವ ಧರ್ಮ

2007ನೆಯ ಇಸವಿಯಲ್ಲಿ ಜರ್ಮನಿಯ ನೈಋತ್ಯ ಭಾಗದ ಫೋರ್ಟ್ಸ್‌ಹೈಮ್ ನಗರದ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂದಿತು. ಕಾರಿನಲ್ಲಿ ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರವೊಂದನ್ನು, ಅಂಗಡಿಯಲ್ಲಿ ಎರಡು ಸಾವಿರ ಯೂರೋಗಳಿಗೂ ಮಿಕ್ಕಿ ಬೆಲೆಬಾಳುತ್ತಿದ್ದುದನ್ನು, ಒಬ್ಬ ಗೃಹಸ್ಥನು ಈಬೇ ಎಂಬ ಅಂತರ್ಜಾಲದ ಹರಾಜುಕಟ್ಟೆಯಲ್ಲಿ 671 ಯೂರೋಗಳಿಗೆ ಕೊಂಡಿದ್ದನು. ಹರಾಜಿನ ಕೂಗು ಮೊದಲಾದದ್ದು ಒಂದೇ ಯೂರೋವಿನಿಂದ. ಆ ಯಂತ್ರವು ಕಳವಿನ ಮಾಲೆಂದು ಅನಂತರ ಬೆಳಕಿಗೆ ಬಂದಿತು. ಬೆಲೆಯು ಇಷ್ಟು ಇಳಿದಿದ್ದುದರಿಂದಲೇ ಕೊಂಡವನಿಗೆ ಸಂಶಯ ಹುಟ್ಟಬೇಕಾಗಿತ್ತೆಂದು ಬಗೆದ ನ್ಯಾಯಾಲಯವು, ಕಳವಿನ ಸರಕನ್ನು ಪಡೆದ ಅಪರಾಧಕ್ಕಾಗಿ ಆತನಿಗೆ ದಂಡ ವಿಧಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ರೂಹೆಯ ಮೇಲಿನ ನ್ಯಾಯಾಲಯವು, ಇಂಥ ಹರಾಜಿನಲ್ಲಿ ಆರಂಭದ ಬೆಲೆ ಕಡಮೆಯಿರುವುದು ವಾಡಿಕೆಯೇ ಆಗಿರುವಾಗ ಅಗ್ಗವೊಂದರಿಂದಲೇ ದುರುದ್ದೇಶವನ್ನು ಊಹಿಸಲಾಗದೆಂದು ತೀರ್ಮಾನಿಸಿ, ಆತನನ್ನು ಬಿಡುಗಡೆ ಮಾಡಿತು.

ಒಂದೇ ಸಂಗತಿಯನ್ನು ನೋಡಿ ಎರಡು ನ್ಯಾಯಾಲಯಗಳು ಎರಡು ಬಗೆಯಾಗಿ ತೀರ್ಮಾನಿಸಿದುವೆಂಬುದು ಆಶ್ಚರ್ಯದ ವಿಷಯವಲ್ಲ. ಅಗ್ಗದ ಬೆಲೆಯೆಂಬುದು ಕಳವಿಗೆ ಸಾಕ್ಷಿಯೋ ಅಲ್ಲವೋ ಎಂಬ ಪ್ರಶ್ನೆಗೆ ಬೆಲೆಯನ್ನಷ್ಟೇ ನೋಡುತ್ತ ಕುಳಿತವರಿಗೆ ಎಂದೂ ಉತ್ತರ ಸಿಗಲಾರದು. ಬೆಲೆಯನ್ನು ಬಿಟ್ಟು ಸರಕಿನ ಮೂಲವನ್ನು ವಿಚಾರಿಸುವ ಪದ್ಧತಿಯು ಮಾರುಕಟ್ಟೆಯಲ್ಲಿ ನೆಲೆಗೊಳ್ಳುವವರೆಗೆ, ಪ್ರಾಮಾಣಿಕನಾದ ಗ್ರಾಹಕನಿಗೂ ಕಳ್ಳನ ಕೂಟಕ್ಕೆ ಸೇರಿದ ಗ್ರಾಹಕನಿಗೂ ಅಂತರವನ್ನು ಕಾಣುವುದು ದುಸ್ಸಾಧ್ಯವೆಂಬುದೇ ಈ ಲೇಖನದ ಪ್ರತಿಪಾದನೆ.

ಈ ಯಂತ್ರಗಳು ಕಳ್ಳರ ಕಣ್ಣಿಗೆ ಬಿದ್ದುದು ಹೇಗೆಂಬುದನ್ನು ಮೊದಲು ನೋಡಬೇಕು. ಜಪಾನಿನ ಹೋಂಡಾ ಕಂಪನಿಯು 1981ರಲ್ಲಿಯೇ ಕಾರಿಗೊಂದು ಮಾರ್ಗದರ್ಶಕ ಯಂತ್ರವನ್ನು ಅಳವಡಿಸಿದ್ದರೂ, ಉಪಗ್ರಹಗಳ ನೆರವಿನಿಂದ ನಡೆಯುವ ಯಂತ್ರಗಳು ಅದೇ ದೇಶದಲ್ಲಿ 1990ರಲ್ಲಿ ಮಾರುಕಟ್ಟೆಗೆ ಬಂದಿದ್ದರೂ, ಅವು ಬಹುಕಾಲ ಸಿರಿವಂತರ ವಿಲಾಸವಸ್ತುಗಳಾಗಿಯೇ ಉಳಿದಿದ್ದುವು. ನಾಗರಿಕರ ಬಳಕೆಯ ಉಪಗ್ರಹ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ಸೇರಿಸುತ್ತಿದ್ದ ದೋಷವನ್ನು ಅಮೆರಿಕದ ಸರಕಾರವು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ, ನೂರು ಮೀಟರುಗಳವರೆಗೆ ತಪ್ಪುತ್ತಿದ್ದ ಲೆಕ್ಕವು ಕೆಲವೇ ಮೀಟರುಗಳಿಗೆ ಇಳಿದು, ಬೀದಿಬೀದಿಯ ತಿರುವನ್ನೂ ಹೇಳಬಲ್ಲ ಯಂತ್ರಗಳು ಯೂರೋಪಿನ ಸಾಮಾನ್ಯ ಕುಟುಂಬಗಳ ಕಾರುಗಳಲ್ಲಿಯೂ ಕಾಣಿಸಿಕೊಂಡುವು. ಕಳವು ಅವುಗಳ ಬೆನ್ನುಹತ್ತಿ ಬಂದಿತು. ಇಂಗ್ಲೆಂಡಿನ ಪೊಲೀಸರು ಆ ದಿನಗಳಲ್ಲಿ ವಾಹನದ ಒಡೆಯರಿಗೆ, ಯಂತ್ರವನ್ನು ತೆಗೆದು ಮನೆಗೆ ಒಯ್ದರೆ ಸಾಲದು, ಅದನ್ನು ಹಿಡಿದಿದ್ದ ರಬ್ಬರಿನ ಬಟ್ಟಲು ಗಾಜಿನ ಮೇಲೆ ಉಳಿಸಿದ ದುಂಡುಗುರುತನ್ನೂ ಒರಸಿಬಿಡಿ ಎಂದು ಬುದ್ಧಿ ಹೇಳಬೇಕಾಯಿತು. ಏತಕ್ಕೆಂದರೆ ಆ ಗುರುತೊಂದನ್ನು ಕಂಡೇ ಕಳ್ಳರು ಗಾಜನ್ನೊಡೆದು ಒಳಗೆ ಹುಡುಕುತ್ತಿದ್ದರು. ಜರ್ಮನಿಯಲ್ಲಿಯಾದರೋ ಕಾರಿನ ಮುಂಫಲಕದಲ್ಲಿಯೇ ಕೂಡಿಸಿದ ದುಬಾರಿ ಯಂತ್ರಗಳನ್ನು ಬೇಡಿಕೆಗೆ ತಕ್ಕಂತೆ ಬಿಚ್ಚಿ ಒಯ್ಯುವ ತಂಡಗಳು ಹುಟ್ಟಿಕೊಂಡುವು. ಇಂಥ ಕಳ್ಳನಿಗೆ ದಾರಿ ತೋರುವ ಯಂತ್ರದಿಂದ ಸ್ವಂತಕ್ಕೆ ಆಗಬೇಕಾದುದೇನೂ ಇಲ್ಲ. ಅದಕ್ಕೆ ಹಣ ತೆರಲು ಒಬ್ಬ ಗ್ರಾಹಕನು ಎಲ್ಲಿಯೋ ಕಾದಿರುವನೆಂಬ ಭರವಸೆಯೇ ಆತನ ಕೈಗೆ ಉಳಿಯನ್ನು ಕೊಡುತ್ತದೆ.

ಬಿಡುಗಡೆಯಾದ ಮಾತ್ರಕ್ಕೆ ಕೊಂಡ ವಸ್ತುವು ತನ್ನದಾಯಿತೆಂದು ಯಾರೂ ತಿಳಿಯಲಾಗದು. ದಂಡನೀತಿಯು ಮನುಷ್ಯನ ಮನಸ್ಸನ್ನು ಪರೀಕ್ಷಿಸುತ್ತದೆ. ಸ್ವತ್ತಿನ ಕಾನೂನು ವಸ್ತುವಿನ ಒಡೆತನವನ್ನು ಪರೀಕ್ಷಿಸುತ್ತದೆ. 1900ರಲ್ಲಿ ಜಾರಿಗೆ ಬಂದ ಜರ್ಮನಿಯ ನಾಗರಿಕ ಸಂಹಿತೆಯು, ಒಡೆಯನಲ್ಲದವನಿಂದ ಸದ್ಭಾವನೆಯಿಂದ ಕೊಂಡವನನ್ನೂ ಸಾಮಾನ್ಯವಾಗಿ ರಕ್ಷಿಸುತ್ತದೆಯಾದರೂ, ಅದರ 935ನೆಯ ವಿಧಿಯು ಕಳವಾದ ವಸ್ತುಗಳನ್ನು ಆ ರಕ್ಷಣೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ; ನಿಯಮಾನುಸಾರ ನಡೆದ ಸಾರ್ವಜನಿಕ ಹರಾಜಿಗೆ ಅಲ್ಲಿ ವಿನಾಯಿತಿಯುಂಟು, ಆದರೆ ಅಂತರ್ಜಾಲದ ಖಾಸಗಿ ಹರಾಜುಕಟ್ಟೆಯು ಆ ವರ್ಗಕ್ಕೆ ಸೇರದು. ಆದುದರಿಂದ ನಿರಪರಾಧಿಯೆನಿಸಿಕೊಂಡ ಗ್ರಾಹಕನೂ ಯಂತ್ರವನ್ನು ಮೂಲ ಒಡೆಯನಿಗೆ ಒಪ್ಪಿಸಬೇಕಾಗುವುದು, ತೆತ್ತ ಹಣಕ್ಕಾಗಿ ಕಾಣದ ಮಾರಾಟಗಾರನನ್ನು ಅರಸಬೇಕಾಗುವುದು. ಉದ್ಯೋಗನಿಮಿತ್ತವಾಗಿ ಸ್ಟುಟ್‌ಗಾರ್ಟ್, ಮ್ಯೂನಿಕ್‌ಗಳಲ್ಲಿ ನೆಲಸಿ ಅಲ್ಲಿಯ ಹಳೆಯ ಸಾಮಾನುಗಳ ಮಾರುಕಟ್ಟೆಯಲ್ಲಿ ಮಿತವ್ಯಯದಿಂದ ಸಂಸಾರ ಹೂಡುವ ನಮ್ಮ ಕನ್ನಡಿಗ ತರುಣರೂ ಈ ಭೇದವನ್ನು ಅರಿತಿರುವುದು ಒಳ್ಳೆಯದು.

ಇದು ಪಾಶ್ಚಾತ್ಯರು ಹೊಸದಾಗಿ ಕಂಡುಹಿಡಿದ ವಿವೇಕವಲ್ಲ. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ, ಎಂದರೆ ವ್ಯಾಜ್ಯದ ವಿಷಯಗಳಲ್ಲಿ, ಅಸ್ವಾಮಿವಿಕ್ರಯವು, ಒಡೆಯನಲ್ಲದವನು ಮಾಡುವ ಮಾರಾಟವು, ಮೂರನೆಯದು. ಬಹಿರಂಗವಾಗಿ ಪೇಟೆಯಲ್ಲಿ ಕೊಂಡವನು, ಮಾರಿದವನನ್ನು ತಂದು ನಿಲ್ಲಿಸಲಾರದೆ ಹೋದರೂ ರಾಜದಂಡಕ್ಕೆ ಪಾತ್ರನಲ್ಲ, ಆದರೆ ವಸ್ತುವು ಮಾತ್ರ ಕಳೆದುಕೊಂಡವನಿಗೇ ಸೇರತಕ್ಕದ್ದು ಎಂಬುದು ಅಲ್ಲಿಯ ನಿಲುವು; ಕಾರ್ಲ್ಸ್‌ರೂಹೆಯ ತೀರ್ಪನ್ನೂ ಜರ್ಮನಿಯ ಸ್ವತ್ತಿನ ಕಾನೂನನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಿಗುವ ಫಲವೂ ಇದೇ. ಯಾಜ್ಞವಲ್ಕ್ಯ ಸ್ಮೃತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಳ್ಳುವವನೂ ಕಳ್ಳನಿಗೆ ಸಮನೆನಿಸುವ ಸಂದರ್ಭಗಳನ್ನು ಹೆಸರಿಸುತ್ತದೆ: ಆ ವಸ್ತುವನ್ನು ಹೊಂದಿರುವ ಯೋಗ್ಯತೆಯಿಲ್ಲದವನಿಂದ ಕೊಳ್ಳುವುದು, ಗುಟ್ಟಾಗಿ ಕೊಳ್ಳುವುದು, ತೀರ ಕಡಮೆ ಬೆಲೆಗೆ ಕೊಳ್ಳುವುದು, ಹೊತ್ತಲ್ಲದ ಹೊತ್ತಿನಲ್ಲಿ ಕೊಳ್ಳುವುದು. ಈ ಸ್ಮೃತಿಗೆ ಮಿತಾಕ್ಷರವೆಂಬ ಜಗದ್ವಿಖ್ಯಾತ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ರಚಿಸಿದುದು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ನಮ್ಮ ಬಸವಕಲ್ಯಾಣದಲ್ಲಿ, ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು. ಬೆಲೆಯು ಅಲ್ಲಿ ನಾಲ್ಕು ಲಕ್ಷಣಗಳಲ್ಲಿ ಒಂದು ಮಾತ್ರ. ಉಳಿದ ಮೂರು ಲಕ್ಷಣಗಳು ಮಾರುವವನಾರು, ಎಲ್ಲಿ, ಎಂದು ಮಾರುತ್ತಾನೆಂಬುದಕ್ಕೆ ಸಂಬಂಧಪಟ್ಟವು.

ಅಂತರ್ಜಾಲದ ವ್ಯಾಪಾರವು ಕೆಡಿಸಿರುವುದು ಈ ಮೂರು ಲಕ್ಷಣಗಳನ್ನೇ. ಮುಖ ಕಾಣದ ಮಾರಾಟಗಾರ, ಮನೆಯ ಮೂಲೆಯಲ್ಲಿ ಕುಳಿತು ಮಾಡುವ ಖರೀದಿ, ನಡುರಾತ್ರಿಯ ಕೂಗು, ಇವು ಯಾವುವೂ ಇಂದು ಸಂಶಯಾಸ್ಪದವಲ್ಲ. ಸಜ್ಜನರ ವ್ಯಾಪಾರವೂ ಹೀಗೆಯೇ ನಡೆಯುತ್ತದೆ. ಹಿಂದಿನ ಕಾಲದಲ್ಲಿ ಕಳವನ್ನು ಬಯಲಿಗೆಳೆಯುತ್ತಿದ್ದ ಚಿಹ್ನೆಗಳು ಎಲ್ಲರ ಚಿಹ್ನೆಗಳಾಗಿಬಿಟ್ಟಿರುವುದರಿಂದ, ನ್ಯಾಯಾಧೀಶನ ಕೈಯಲ್ಲಿ ಉಳಿದುದು ಬೆಲೆಯೊಂದೇ. ಅದೂ ಹರಾಜಿನಲ್ಲಿ ಅರ್ಥವನ್ನು ಕಳೆದುಕೊಂಡಿತು. ಇಂಗ್ಲೆಂಡಿನ ಅನುಭವವೂ ಇದನ್ನೇ ಸಾರುತ್ತದೆ. ಬಹಿರಂಗವಾದ ಸ್ಥಾಪಿತ ಸಂತೆಯಲ್ಲಿ ಸೂರ್ಯೋದಯ ಸೂರ್ಯಾಸ್ತಗಳ ನಡುವೆ ಸದ್ಭಾವನೆಯಿಂದ ಕೊಂಡವನಿಗೆ, ಸರಕು ಕಳವಿನದಾಗಿದ್ದರೂ ಒಡೆತನ ದಕ್ಕುತ್ತಿದ್ದ ಪುರಾತನ ನಿಯಮವೊಂದು ಅಲ್ಲಿ ಶತಮಾನಗಳ ಕಾಲ ನಡೆದುಬಂದಿತ್ತು. ಕಳೆದುಕೊಂಡವನು ಹತ್ತಿರದ ಸಂತೆಗೆ ಹೋಗಿ ಹುಡುಕಿದರೆ ಮಾಲು ಕಣ್ಣಿಗೆ ಬಿದ್ದೀತೆಂಬ ನಂಬಿಕೆಯ ಮೇಲೆ ನಿಂತಿದ್ದ ನಿಯಮವದು. ಒಂದು ಊರಿನಲ್ಲಿ ಕದ್ದುದು ಮರುದಿನವೇ ಇನ್ನೊಂದು ಪ್ರಾಂತದಲ್ಲಿ ಮಾರಾಟವಾಗುವ ಕಾಲದಲ್ಲಿ ಆ ನಂಬಿಕೆಯು ನಿಲ್ಲಲಾರದಾಗಿ, 1994ರ ಶಾಸನದ ಮೂಲಕ ಅದನ್ನು ರದ್ದುಪಡಿಸಿದರು.

ಭಾರತದ ಕಾನೂನು ಈ ಸಂತೆಯ ವಿನಾಯಿತಿಯನ್ನು ಸ್ವೀಕರಿಸಲೇ ಇಲ್ಲ. 1930ರ ಸರಕು ಮಾರಾಟ ಅಧಿನಿಯಮದ 27ನೆಯ ಪ್ರಕರಣದ ಪ್ರಕಾರ, ಮಾರುವವನಿಗೆ ಇಲ್ಲದ ಒಡೆತನವು ಕೊಳ್ಳುವವನಿಗೆ ಬಾರದು. ಕಳ್ಳನಿಂದ ಹತ್ತು ಕೈ ದಾಟಿ ಬಂದರೂ ಕಳವಿನ ಮಾಲು ಕಳವಿನ ಮಾಲೇ. ದಂಡನೀತಿಯಲ್ಲಿಯೂ ನಮ್ಮ ಗ್ರಾಹಕನು ಜರ್ಮನಿಯ ಆ ಗೃಹಸ್ಥನಿಗಿಂತ ಹೆಚ್ಚು ಎಚ್ಚರದಿಂದಿರಬೇಕಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಪ್ರಕರಣವು, ಕಳವಿನದೆಂದು ತಿಳಿದಿದ್ದು ಪಡೆಯುವವನನ್ನು ಮಾತ್ರವಲ್ಲದೆ, ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆಯುವವನನ್ನೂ, ಪಡೆದು ಇಟ್ಟುಕೊಳ್ಳುವವನನ್ನೂ ಮೂರು ವರ್ಷಗಳವರೆಗಿನ ಸೆರೆಮನೆಗೋ ಜುಲ್ಮಾನೆಗೋ ಇಲ್ಲವೆ ಎರಡಕ್ಕೂ ಗುರಿಪಡಿಸುತ್ತದೆ. ಅದನ್ನೇ ಕಸುಬಾಗಿ ಮಾಡಿಕೊಂಡವನಿಗೆ ಜೀವಾವಧಿಯವರೆಗೂ ಶಿಕ್ಷೆಯುಂಟು. ಕಳವಾದ ಕೆಲವೇ ಕಾಲದೊಳಗೆ ಮಾಲು ಯಾರ ಕೈಯಲ್ಲಿ ಸಿಕ್ಕಿತೋ ಆತನು ಅದು ಬಂದ ಬಗೆಯನ್ನು ವಿವರಿಸಲಾರದಿದ್ದರೆ, ಆತನೇ ಕಳ್ಳನೆಂದೋ ಅರಿತು ಪಡೆದವನೆಂದೋ ನ್ಯಾಯಾಲಯವು ಊಹಿಸಬಹುದೆಂದು ಸಾಕ್ಷ್ಯದ ಕಾನೂನು ಹೇಳುತ್ತದೆ. ಇಟ್ಟುಕೊಳ್ಳುವುದೂ ಅಪರಾಧವೆಂಬ ಮಾತನ್ನು ವಿಶೇಷವಾಗಿ ಗಮನಿಸಬೇಕು: ಕೊಳ್ಳುವಾಗ ಏನೂ ಅರಿಯದಿದ್ದವನು, ಸತ್ಯವನ್ನು ಅರಿತ ಮೇಲೂ ಬಾಯಿ ಮುಚ್ಚಿಕೊಂಡು ಅನುಭವಿಸಿದರೆ, ಆ ದಿನದಿಂದ ಅಪರಾಧದ ಗಡಿಯನ್ನು ದಾಟುತ್ತಾನೆ.

ಕಾನೂನು ಇಷ್ಟು ಕಟುವಾಗಿರುವಾಗ, ಮೂಲವನ್ನು ವಿಚಾರಿಸುವ ಸಾಧನವನ್ನೂ ಅದು ಪ್ರಜೆಗೆ ಒದಗಿಸಬೇಕಾದುದು ನ್ಯಾಯ. ಮೊಬೈಲ್ ಫೋನಿನ ವಿಷಯದಲ್ಲಿ ಅದು ಆಗಿದೆ. 2023ರಲ್ಲಿ ದೇಶಾದ್ಯಂತ ಬಳಕೆಗೆ ಬಂದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ, ಹಳೆಯ ಫೋನನ್ನು ಕೊಳ್ಳುವವನು ಅದರ ಹದಿನೈದು ಅಂಕಿಗಳ ಐಎಂಇಐ ಸಂಖ್ಯೆಯನ್ನು 14422ಕ್ಕೆ ಸಂದೇಶವಾಗಿ ಕಳುಹಿಸಿ, ಅದು ತಡೆಹಿಡಿಯಲ್ಪಟ್ಟ ಫೋನೋ ಅಲ್ಲವೋ ಎಂದು ಕ್ಷಣದಲ್ಲಿ ತಿಳಿಯಬಹುದು. ಇಡೀ ಕಾರನ್ನು ಕೊಳ್ಳುವವನಿಗೂ ಚಾಸಿ ಮತ್ತು ಎಂಜಿನ್ ಸಂಖ್ಯೆಗಳಿಂದ ವಾಹನವು ಕಳವಾದುದೇ ಎಂದು ಪರಿಶೀಲಿಸುವ ಅನುಕೂಲವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ಕಲ್ಪಿಸಿದೆ. ಕಾರಿನೊಳಗಿನ ಯಂತ್ರದ ಪಾಡು ಈ ಎರಡರ ನಡುವೆ ಅನಾಥವಾಗಿದೆ. ದಾರಿ ತೋರುವ ಕೆಲಸವನ್ನು ಬಹುಮಟ್ಟಿಗೆ ಫೋನೇ ವಹಿಸಿಕೊಂಡಿದೆಯಾದರೂ, ಮುಂಫಲಕದ ಪರದೆಗಳು ಸಂಗೀತ, ಹಿಂಬದಿಯ ಕ್ಯಾಮೆರಾ, ನಕಾಶೆಗಳನ್ನೆಲ್ಲ ಒಳಗೊಂಡು ಮತ್ತಷ್ಟು ದುಬಾರಿಯಾಗಿರುವುದರಿಂದ ಕಳ್ಳನ ಲಾಭವು ಕುಗ್ಗಿಲ್ಲ. ಪ್ರತಿಯೊಂದು ಯಂತ್ರಕ್ಕೂ ಕ್ರಮಸಂಖ್ಯೆಯುಂಟು. ಆದರೆ ಅದು ಯಾವ ಕಾರಿಗೆ ಸೇರಿದ್ದು, ಕಳವಾಗಿದೆಯೇ ಎಂಬುದನ್ನು ಸಾಮಾನ್ಯನು ಕೇಳಿ ತಿಳಿಯುವ ಒಂದು ಸಾರ್ವಜನಿಕ ದಫ್ತರು ಇರಬೇಕು. ಕೆಲವು ಜರ್ಮನ್ ತಯಾರಕರು ಯಂತ್ರವನ್ನು ಆಯಾ ಕಾರಿಗೇ ಬಂಧಿಸಿ, ತಮ್ಮ ಅನುಮತಿಯಿಲ್ಲದೆ ಬೇರೆ ಕಾರಿನಲ್ಲಿ ಪೂರ್ಣವಾಗಿ ಕೆಲಸ ಮಾಡದಂತೆ ಏರ್ಪಡಿಸಿರುವರು. ಇದು ಶ್ಲಾಘ್ಯವಾದ ಉಪಾಯವೇ. ಆದರೆ ನ್ಯಾಯವಾಗಿ ಕೊಂಡ ಹಳೆಯ ಯಂತ್ರವನ್ನೂ ಅದು ನಿರುಪಯುಕ್ತಗೊಳಿಸೀತಾದುದರಿಂದ, ದಾಖಲೆ ತೋರಿಸಿದವನಿಗೆ ಮಿತವಾದ ಶುಲ್ಕದಲ್ಲಿ ಬಂಧವನ್ನು ಸಡಿಲಿಸಿಕೊಡುವ ಹೊಣೆಯೂ ತಯಾರಕರ ಮೇಲಿರತಕ್ಕದ್ದು.

ವ್ಯಾಪಾರಿಗಳ ಪಾತ್ರವೂ ಕಿರಿದಲ್ಲ. ಜಪಾನಿನಲ್ಲಿ 1949ರ ಶಾಸನದಂತೆ, ಹಳೆಯ ವಸ್ತುಗಳ ವ್ಯಾಪಾರಿಯು ಪರವಾನಗಿ ಪಡೆದು, ಮಾರಲು ಬಂದವನ ಗುರುತನ್ನು ಪರಿಶೀಲಿಸಿ, ವ್ಯವಹಾರವನ್ನು ಪುಸ್ತಕದಲ್ಲಿ ಬರೆದಿಡಬೇಕು. ಈ ನಿಯಮದ ಪ್ರಯೋಜನವು ಕಳ್ಳನನ್ನು ಹಿಡಿಯುವುದರಲ್ಲಿ ಮಾತ್ರವಿಲ್ಲ. ಪ್ರಾಮಾಣಿಕನಾದ ವ್ಯಾಪಾರಿಯ ಮೇಲೆ ಅಪವಾದ ಬಾರದಂತೆ ತಡೆಯುವುದರಲ್ಲಿಯೂ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬೀದಿಗಳಲ್ಲಿ ದಶಕಗಳಿಂದ ಕಾರಿನ ಬಿಡಿಭಾಗಗಳನ್ನು ಮಾರಿ ಬಾಳುವ ಕುಟುಂಬಗಳಿವೆ. ಗುಜರಿ ಅಂಗಡಿಗಳನ್ನು ನಂಬಿ ವಾಹನವನ್ನು ಓಡಿಸುವ ಟ್ಯಾಕ್ಸಿ ಚಾಲಕರಿದ್ದಾರೆ. ಹಳೆಯ ಸಾಮಾನಿನ ಪೇಟೆಯನ್ನೇ ಕಳ್ಳರ ಸಂತೆಯೆಂದು ಜರಿಯುವುದು ಅನ್ಯಾಯ. ಹೊಸದನ್ನು ಕೊಳ್ಳಲಾರದವನಿಗೆ ಅದು ಆಸರೆ, ಉಪಯುಕ್ತ ವಸ್ತುವು ಕಸವಾಗದಂತೆ ಕಾಯುವ ಲೋಕೋಪಕಾರ. ಮಾರುವವನ ಹೆಸರು, ಯಂತ್ರದ ಸಂಖ್ಯೆ, ದಿನಾಂಕಗಳನ್ನು ಬರೆದಿಡುವ ಒಂದು ಪುಸ್ತಕವು ಈ ಪೇಟೆಯ ಮಾನವನ್ನು ಕಾಯುವುದೇ ಹೊರತು ಕುಗ್ಗಿಸದು. ಅಂತರ್ಜಾಲದ ಮಾರಾಟತಾಣಗಳಿಗೂ ಇದೇ ನಿಯಮ ಅನ್ವಯಿಸಬೇಕು. ಕ್ರಮಸಂಖ್ಯೆಯನ್ನು ನಮೂದಿಸದ ಯಂತ್ರವನ್ನು ಅವು ಪ್ರಕಟಿಸಲೇಬಾರದು.

ಈ ಸುಧಾರಣೆಗಳು ಬರುವವರೆಗೆ ಗ್ರಾಹಕನು ಕೈಕಟ್ಟಿ ಕೂರಬೇಕಾಗಿಲ್ಲ. ಯಂತ್ರದ ಮೈಮೇಲಿನ ಸಂಖ್ಯೆಯ ಚೀಟಿ ಕಿತ್ತುಹೋಗಿದೆಯೇ, ಪರದೆಯ ಒಳಗೆ ಕಾಣುವ ಸಂಖ್ಯೆಗೂ ಅದಕ್ಕೂ ಹೊಂದಾಣಿಕೆಯಿದೆಯೇ, ತಂತಿಗಳನ್ನು ಕೂಡುಕೊಂಡಿಯಲ್ಲಿ ಬಿಡಿಸಿದ್ದಾರೋ ಅವಸರದಲ್ಲಿ ಕತ್ತರಿಸಿದ್ದಾರೋ, ಬೀಗದ ಸಂಕೇತಸಂಖ್ಯೆ ಮಾರುವವನಿಗೆ ಗೊತ್ತಿದೆಯೇ, ಮೂಲದ ಬಿಲ್ ಉಂಟೇ, ಯಾವ ಕಾರಿನಿಂದ ಏಕೆ ತೆಗೆದರೆಂಬುದಕ್ಕೆ ನೇರವಾದ ಉತ್ತರ ಬರುತ್ತದೆಯೇ, ಇಷ್ಟನ್ನು ಕೇಳಬಹುದು. ಯಂತ್ರದ ಸ್ಮರಣೆಯಲ್ಲಿ ಹಿಂದಿನವರು ತಮ್ಮ ಮನೆಯ ವಿಳಾಸವನ್ನು ಬರೆದಿಟ್ಟಿರುವುದು ಸಾಮಾನ್ಯ; ಆ ವಿಳಾಸಕ್ಕೂ ಮಾರುವವನಿಗೂ ಸಂಬಂಧವೇ ಇಲ್ಲದಿದ್ದರೆ, ನಡುವೆ ಬಂದ ಕೈಗಳಾವುವೆಂದು ವಿಚಾರಿಸುವುದು ಅಗತ್ಯ. ಮಾರಿದವನ ಹೆಸರು, ಗುರುತಿನ ಚೀಟಿಯ ವಿವರ, ಯಂತ್ರದ ಸಂಖ್ಯೆಗಳನ್ನೊಳಗೊಂಡ ರಸೀದಿಯನ್ನು ಬರೆಸಿಕೊಂಡು, ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟರೆ, ನಾಳೆ ಪೊಲೀಸರು ಬಾಗಿಲಿಗೆ ಬಂದಾಗ ವಿವರಣೆಯು ಕೈಯಲ್ಲಿರುತ್ತದೆ. 1930ರ ಅಧಿನಿಯಮದಂತೆ ಮಾರುವ ಹಕ್ಕು ತನಗಿದೆಯೆಂದು ನಂಬಿಸಿ ಮಾರಿದವನಿಂದ ಹಣವನ್ನು ಮರಳಿ ಕೇಳಲೂ ಆಧಾರವಾಗುತ್ತದೆ. ಪ್ರಾಮಾಣಿಕನು ಈ ಪ್ರಶ್ನೆಗಳಿಂದ ನೊಂದುಕೊಳ್ಳಲಾರನು. ನೊಂದವನಂತೆ ನಟಿಸಿ ಅವಸರಪಡಿಸುವವನಿಂದ ದೂರವಿರುವುದೇ ಲೇಸು.

ಕಳ್ಳತನವನ್ನು ಪೊಲೀಸರ ಕೆಲಸವೆಂದು ತಳ್ಳಿಬಿಟ್ಟು, ಅದರ ಫಲವನ್ನು ಅಗ್ಗದ ಬೆಲೆಯ ರೂಪದಲ್ಲಿ ಮನೆಗೆ ಬರಮಾಡಿಕೊಳ್ಳುವ ಸಮಾಜವು ತನ್ನ ಆಸ್ತಿಯ ಭದ್ರತೆಯನ್ನು ತಾನೇ ಹರಿದುಕೊಳ್ಳುತ್ತದೆ. ಇಂದು ಕೊಂಡವನ ಕಾರಿನ ಗಾಜೇ ನಾಳೆ ಒಡೆಯುತ್ತದೆ. ಸರಕಾರವು ದಫ್ತರನ್ನು ತೆರೆಯಲಿ, ತಯಾರಕರು ಸಂಖ್ಯೆಯನ್ನು ಬಯಲುಮಾಡಲಿ, ವ್ಯಾಪಾರಿಗಳು ಪುಸ್ತಕವನ್ನಿಡಲಿ. ಆದರೆ ಇವೆಲ್ಲವೂ ಜೀವ ಪಡೆಯುವುದು, ಬೆಲೆಯೆಷ್ಟೆಂದು ಕೇಳುವುದಕ್ಕೆ ಮೊದಲು ಇದು ಯಾರದೆಂದು ಕೇಳುವ ಗ್ರಾಹಕನಿಂದ. ಆ ಪ್ರಶ್ನೆಯು ವಾಡಿಕೆಯಾದ ಪೇಟೆಯಲ್ಲಿ ಕಳವಿನ ಸರಕಿಗೆ ಬೆಲೆಯೇ ಇರದು. ಬೆಲೆಯಿಲ್ಲದ ಸರಕನ್ನು ಕದಿಯುವ ಶ್ರಮವನ್ನು ಯಾವ ಕಳ್ಳನೂ ವಹಿಸಲಾರನು.